ಗೋಕರ್ಣದ ಕಡಲ ದಂಡೆಯಲ್ಲಿ ಗುಡಿಸಲು ವಾಸ: ಜಾಗ ಆರಿಸುವುದರಿಂದ ವಾಪಸ್ ಹೊರಡುವವರೆಗೆ

ಗೋಕರ್ಣದಲ್ಲಿ ಕಡಲ ಪಕ್ಕ ಗುಡಿಸಲು ಹಿಡಿಯುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಫೋಟೊ ನೋಡಿ ಮೂರು ದಿನದ ದುಡ್ಡು ಕಟ್ಟಬೇಡಿ. ಬೆಳಕಿರುವಾಗಲೇ ಊರು ಮುಟ್ಟಿ. ಗುಡಿಸಲಿನ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಆಮೇಲೆ ಬಾಡಿಗೆ ಮಾತಾಡಿ.

ಇದನ್ನು ನಾನು ಕಲಿತದ್ದು ಒಂದು ಕೆಟ್ಟ ರಾತ್ರಿಯಿಂದ. ಮೊದಲ ಸಲ ಹೋದಾಗ ಅಕ್ಟೋಬರ್ ಎರಡನೇ ವಾರ. ಮೊಬೈಲ್‌ನಲ್ಲಿ ಫೋಟೊ ನೋಡಿ ಮೂರು ರಾತ್ರಿಗೆ ಹಣ ಕಳಿಸಿದ್ದೆ. ಕುಡ್ಲೆ ಬೀಚಿಗೆ ಇಳಿಯುವ ಮೆಟ್ಟಿಲ ಹತ್ತಿರ ಬಂದಾಗ ರಾತ್ರಿ ಎಂಟೂವರೆ. ಚಕ್ರದ ಸೂಟ್‌ಕೇಸನ್ನು ಹೆಗಲ ಮೇಲೆ ಹೊತ್ತುಕೊಂಡು ಕತ್ತಲಲ್ಲಿ ಕೆಳಗಿಳಿದೆ. ಗುಡಿಸಲೇನೋ ಸಿಕ್ಕಿತು, ಆದರೆ ಅದರ ಬೆನ್ನಿಗೇ ಜನರೇಟರ್. ಮಧ್ಯರಾತ್ರಿ ಮಳೆ ಹಿಡಿಯಿತು. ಆ ವರ್ಷದ ಹೊಸ ಮಡಲು, ಅಂದರೆ ಹೆಣೆದ ತೆಂಗಿನ ಗರಿ, ಇನ್ನೂ ಹೊದಿಸಿರಲಿಲ್ಲ. ಅರ್ಧ ಹಾಸಿಗೆ ನೆನೆಯಿತು. ಬೆಳಗಾದ ಮೇಲೆ ನೋಡಿದರೆ ಹತ್ತು ಹೆಜ್ಜೆ ಆಚೆ ಇನ್ನೊಂದು ಗುಡಿಸಲು ಒಣಗಿ ನಿಂತಿತ್ತು, ಖಾಲಿ ಇತ್ತು, ಬಾಡಿಗೆಯೂ ಕಡಿಮೆ. ಅದಾದ ಮೇಲೆ ಏಳೆಂಟು ಸಲ ಹೋಗಿದ್ದೇನೆ. ಒಂದೊಂದು ಸಲ ಒಂದೊಂದು ಕಲಿತಿದ್ದೇನೆ. ಅದನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

1. ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಈ ಗುಡಿಸಲುಗಳಿಗೆ ಅವುಗಳದೇ ಒಂದು ವರ್ಷ ಇದೆ. ಮಳೆಗಾಲ ಶುರುವಾಗುವ ಮುಂಚೆ ಎಷ್ಟೋ ಜನ ಗೋಡೆಯ ತಟ್ಟಿ, ಮಾಡಿನ ಮಡಲು ಬಿಚ್ಚಿಡುತ್ತಾರೆ, ಇಲ್ಲವೇ ಮೇಲೆ ಟಾರ್ಪಾಲು ಹೊದಿಸಿ ಕಟ್ಟುತ್ತಾರೆ. ಮಳೆ ಬಿಟ್ಟ ಮೇಲೆ ಮತ್ತೆ ಕಟ್ಟುವ ಕೆಲಸ. ಅಕ್ಟೋಬರ್ ಮೊದಲರ್ಧದಲ್ಲಿ ಹೋದರೆ ಅರ್ಧ ಕಟ್ಟಿದ ಗುಡಿಸಲು, ಸಂಜೆ ಮಳೆ, ಎರಡೂ ಸಿಗಬಹುದು. ನನಗೆ ಸಿಕ್ಕಿದ್ದೂ ಅದೇ.

ನನ್ನ ಮಟ್ಟಿಗೆ ಒಳ್ಳೆಯ ಕಾಲ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ. ಮಡಲು ಹೊಸದಾಗಿರುತ್ತದೆ, ಕಡಲು ತಣ್ಣಗಿರುತ್ತದೆ, ರಾತ್ರಿ ಒಂದು ತೆಳು ಹೊದಿಕೆ ಬೇಕು ಅನ್ನುವಷ್ಟು ಚಳಿ. ಮಾರ್ಚ್ ಪರವಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ಇಲ್ಲದ ಗುಡಿಸಲಲ್ಲಿ ಮಧ್ಯಾಹ್ನ ಕೂರುವುದು ಕಷ್ಟ, ಬೆವರು ಆರುವುದೇ ಇಲ್ಲ.

ಆ ಒಳ್ಳೆಯ ಕಾಲದಲ್ಲೂ ಕೆಲವು ದಿನ ಬಿಡಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬಾಡಿಗೆ ಎರಡು ಪಟ್ಟು ಮೂರು ಪಟ್ಟು ಏರುತ್ತದೆ, ಸದ್ದೂ ಅಷ್ಟೇ. ಶಿವರಾತ್ರಿಗೆ ಮಹಾಬಲೇಶ್ವರನ ದೊಡ್ಡ ತೇರು. ತೇರು ನೋಡಲೇಬೇಕಾದದ್ದು, ಅದಕ್ಕೆಂದೇ ಒಮ್ಮೆ ಹೋಗಿ. ಆದರೆ ಆಗ ನೆಮ್ಮದಿಯ ದಂಡೆ ಹುಡುಕಬೇಡಿ. ಶುಕ್ರವಾರ ರಾತ್ರಿ ಬೆಂಗಳೂರು, ಹುಬ್ಬಳ್ಳಿಯಿಂದ ಬಸ್ಸುಗಳು ತುಂಬಿಕೊಂಡು ಬರುತ್ತವೆ. ಆದ್ದರಿಂದ ಭಾನುವಾರ ಮಧ್ಯಾಹ್ನ ಮುಟ್ಟಿ, ಗುರುವಾರ ಹೊರಡಿ. ಈ ಒಂದು ಬದಲಾವಣೆಯಿಂದ ಅದೇ ದಂಡೆ ಬೇರೆಯೇ ಊರಿನ ಹಾಗೆ ಕಾಣುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಕಡಲು ಕೆರಳಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯೂ ನಿಷೇಧ. ದಾರಿಯ ಭಯವೂ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಗೋಕರ್ಣದ ಜನ ದಿನಾ ಓಡಾಡುವ ರಸ್ತೆ ಅದು.

2. ಯಾವ ದಂಡೆ?

ಗೋಕರ್ಣ ಇರುವುದು ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ. ಬಡಗಲಿಗೆ ಗಂಗಾವಳಿ ನದಿ, ತೆಂಕಲಿಗೆ ಅಘನಾಶಿನಿ. ನಡುವಿನ ಗುಡ್ಡಗಳು ಕಡಲಿಗೆ ಚಾಚಿಕೊಂಡಿವೆ. ಎರಡೆರಡು ಚಾಚುಗಳ ನಡುವೆ ಒಂದೊಂದು ದಂಡೆ. ಊರಿನ ದೊಡ್ಡ ಬೀಚಿನಿಂದ ತೆಂಕಲಿಗೆ ಹೊರಟರೆ ಕುಡ್ಲೆ, ಆಮೇಲೆ ಓಂ, ಆಮೇಲೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್.

ಮೊದಲ ಸಲ ಹೋಗುವವರಿಗೆ ಕುಡ್ಲೆ ಸಾಕು. ಊರಿನಿಂದ ಗುಡ್ಡ ಹತ್ತಿ ಇಳಿದರೆ ಇಪ್ಪತ್ತು ನಿಮಿಷ. ಉದ್ದನೆಯ ಮರಳು, ಹಿಂದೆ ತೆಂಗು, ತೆಂಗಿನ ಕೆಳಗೆ ಗುಡಿಸಲು. ಸಂಜೆ ಜನ ಬರುತ್ತಾರೆ, ಕತ್ತಲಾದ ಮೇಲೆ ಹೋಗುತ್ತಾರೆ. ದಂಡೆಯ ಎರಡು ತುದಿಗಳಲ್ಲಿ ಸದ್ದು ಕಡಿಮೆ. ನಡುಭಾಗದಲ್ಲಿ ಹೋಟೆಲುಗಳು ಒತ್ತಾಗಿವೆ, ಅಲ್ಲಿ ಹಿಡಿಯಬೇಡಿ.

ಓಂ ಬೀಚ್ ಚೆಂದ, ಅದರಲ್ಲಿ ಮಾತಿಲ್ಲ. ಎರಡು ಅರ್ಧಚಂದ್ರ ಸೇರಿದ ಹಾಗೆ ಇದೆ. ಆದರೆ ಮೇಲ್ಗಡೆವರೆಗೆ ರಸ್ತೆ ಇದೆ, ಗಾಡಿ ನಿಲ್ಲಿಸಲು ಜಾಗ ಇದೆ, ದೋಣಿ ವಿಹಾರ ಇದೆ. ಹಗಲಿಡೀ ಗದ್ದಲ. ಉಳಿಯಲು ನಾನು ಆರಿಸುವುದಿಲ್ಲ, ಬೆಳಿಗ್ಗೆ ಏಳು ಗಂಟೆಗೆ ನಡೆದುಕೊಂಡು ಹೋಗಿ ನೋಡಿ ಬರುತ್ತೇನೆ.

ಹಾಫ್ ಮೂನಿಗೆ ಗಾಡಿ ಹೋಗುವುದಿಲ್ಲ. ಓಂ ಬೀಚಿನಿಂದ ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ಇದ್ದರೆ ನಾಲ್ಕಾರು ಗುಡಿಸಲು, ಮೊಬೈಲ್ ಸಿಗ್ನಲ್ ಬಂದರೆ ಬಂತು. ಅಲ್ಲಿ ಉಳಿಯುವ ಆಸೆ ಇದ್ದರೆ ಮೊದಲೆರಡು ರಾತ್ರಿ ಕುಡ್ಲೆಯಲ್ಲಿ ಕಳೆದು, ಹಗಲು ಹೊತ್ತು ಹೋಗಿ ಜಾಗ ನೋಡಿ, ಆಮೇಲೆ ಗಂಟು ಸಾಗಿಸಿ. ಪ್ಯಾರಡೈಸಿಗೆ ಹಗಲು ಹೋಗಿ ಬಂದರೆ ಸಾಕು.

ಸಣ್ಣ ಮಕ್ಕಳು, ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಈ ಗುಡ್ಡ ಮೆಟ್ಟಿಲುಗಳ ಸಹವಾಸವೇ ಬೇಡ. ಊರಿನ ಬೀಚಿನ ಬಡಗಲ ಕಡೆ ದುಬ್ಬನಶಶಿವರೆಗೆ ಮರಳು ಸಪಾಟಾಗಿ ಸಾಗುತ್ತದೆ, ಮನೆ ಬಾಗಿಲವರೆಗೂ ಆಟೊ ಹೋಗುತ್ತದೆ. ಅಘನಾಶಿನಿ ದಾಟಿ ಕಾಗಾಲದ ಕಡೆ ಹೋದರೆ ನಿರ್ವಾಣ ಬೀಚ್ ಅನ್ನುವ ಉದ್ದನೆಯ ದಂಡೆ ಸಿಗುತ್ತದೆ. ಗಾಳಿಮರದ ನೆರಳು, ನಡುನಡುವೆ ಗುಡಿಸಲು. ನಿಜವಾಗಿ ಮೌನ ಬೇಕಾದವರಿಗೆ ನಾನು ಈಗೀಗ ಇದನ್ನೇ ಹೇಳುತ್ತಿದ್ದೇನೆ.

3. ಹೋಗುವ ದಾರಿ, ಹೊರುವ ಗಂಟು

ರೈಲಾದರೆ ಕೊಂಕಣ ರೈಲ್ವೆಯ ಗೋಕರ್ಣ ರೋಡ್ ನಿಲ್ದಾಣ. ಅಲ್ಲಿಂದ ಊರಿಗೆ ಹತ್ತು ಕಿಲೋಮೀಟರ್ ಹತ್ತಿರ, ಆಟೊ ಸಿಗುತ್ತದೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಪಂಚಗಂಗಾ ಇದೇ ಹಾದಿಯಲ್ಲಿ ಬರುತ್ತದೆ. ಬೆಳಿಗ್ಗೆ ಇಳಿಸುವ ಕಾರಣ ಗುಡಿಸಲು ನೋಡಿ ಆರಿಸಲು ಇಡೀ ಹಗಲು ಕೈಯಲ್ಲಿರುತ್ತದೆ. ಹುಬ್ಬಳ್ಳಿ ಕಡೆಯವರು ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ ಮೇಲೆ ಬರಬಹುದು, ಬಸ್ಸಿನಲ್ಲಿ ಸುಮಾರು ನಾಲ್ಕು ತಾಸು. ಕುಮಟಾ, ಅಂಕೋಲಾ ಎರಡೂ ಕಡೆಯಿಂದ ಗೋಕರ್ಣಕ್ಕೆ ಬಸ್ಸಿವೆ.

ಗಂಟಿನ ವಿಷಯ ಸರಳ: ಬೆನ್ನಿಗೆ ಹಾಕಿಕೊಳ್ಳುವ ಚೀಲ ಮಾತ್ರ. ಮರಳಿನಲ್ಲಿ ಚಕ್ರ ಉರುಳುವುದಿಲ್ಲ. ಬಟ್ಟೆ ಎಷ್ಟು ತರಬೇಕು ಅನ್ನುವುದು ನಿಮಗೇ ಗೊತ್ತು. ಜನ ಮರೆಯುವ ವಸ್ತುಗಳನ್ನಷ್ಟೇ ಹೇಳುತ್ತೇನೆ. ನಿಮ್ಮದೇ ಒಂದು ಬೀಗ. ಗುಡಿಸಲಿನ ಬಾಗಿಲಿಗೆ ಚಿಲಕ ಇರುತ್ತದೆ, ಬೀಗ ಇದ್ದರೂ ಅದರ ಇನ್ನೊಂದು ಕೀಲಿ ಎಲ್ಲಿದೆಯೋ ಯಾರಿಗೆ ಗೊತ್ತು? ತಲೆಗೆ ಕಟ್ಟುವ ಟಾರ್ಚ್, ಯಾಕೆಂದರೆ ಕಲ್ಲಿನ ದಾರಿಯಲ್ಲಿ ಎರಡೂ ಕೈ ಖಾಲಿ ಇರಬೇಕು. ಎರಡು ಹತ್ತಿ ಪಂಚೆ. ಒಂದು ಹಾಸಲು, ಒಂದು ಹೊದೆಯಲು. ದೇವಸ್ಥಾನಕ್ಕೆ ಹೋಗುವ ಗಂಡಸರಿಗೆ ಅಲ್ಲೂ ಅದೇ ಬೇಕು, ಅಂಗಿ ಬಿಚ್ಚಿ ಪಂಚೆಯಲ್ಲಿ ಒಳಗೆ ಹೋಗುವ ಪದ್ಧತಿ. ನಾಲ್ಕು ಮೀಟರ್ ನೈಲಾನ್ ಹಗ್ಗ. ಬಟ್ಟೆ ಒಣಗಿಸಲೂ ಆಯ್ತು, ಸೊಳ್ಳೆ ಪರದೆ ಎತ್ತಿ ಕಟ್ಟಲೂ ಆಯ್ತು. ಪವರ್ ಬ್ಯಾಂಕ್. ಸಣ್ಣ ನೋಟುಗಳು. ಎಟಿಎಂ ಇರುವುದು ಊರಲ್ಲಿ, ದಂಡೆಯಲ್ಲಿ ಅಲ್ಲ. ಸಿಗ್ನಲ್ ಇಲ್ಲದ ಕಡೆ ಫೋನಿನಿಂದ ಹಣ ಕಳಿಸಲೂ ಆಗುವುದಿಲ್ಲ.

4. ಫೋನ್ ಮಾಡಿ, ಒಂದೇ ರಾತ್ರಿ ಹೇಳಿ

ಮೊದಲ ರಾತ್ರಿಗೆ ಮಾತ್ರ ಜಾಗ ಹೇಳಿಡಿ. ಆ್ಯಪ್‌ಗಿಂತ ಫೋನ್ ಒಳ್ಳೆಯದು. ಗುಡಿಸಲು ನಡೆಸುವವರಲ್ಲಿ ಜಾಸ್ತಿ ಜನ ಅಲ್ಲಿನವರೇ. ಕನ್ನಡದಲ್ಲಿ ಮಾತಾಡಿದರೆ ಇರುವುದನ್ನು ಇರುವ ಹಾಗೆ ಹೇಳುತ್ತಾರೆ. ಕೇಳಬೇಕಾದ್ದು ಇಷ್ಟು: ಈ ವರ್ಷ ಮಡಲು ಹೊದಿಸಿ ಆಯ್ತಾ? ಸಂಡಾಸು, ಬಚ್ಚಲು ಒಳಗಾ ಹೊರಗಾ? ಕರೆಂಟ್ ರಾತ್ರಿಯಿಡೀ ಇರುತ್ತದಾ? ಪಕ್ಕದಲ್ಲಿ ಹಾಡು ಹಾಕುತ್ತಾರಾ, ಎಷ್ಟು ಹೊತ್ತಿನವರೆಗೆ? ಕೊನೆಯ ಪ್ರಶ್ನೆಗೆ ಬರುವ ಉತ್ತರ ತಡವರಿಸಿದರೆ ನನಗೆ ಅಷ್ಟೇ ಸಾಕು, ಬೇರೆ ಕಡೆ ಫೋನ್ ಮಾಡುತ್ತೇನೆ.

ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಕೇಳುತ್ತಾರೆ, ಕೊಡಿ. ಕೇಳದೇ ಇರುವ ಕಡೆ ನಾನು ಉಳಿಯುವುದಿಲ್ಲ. ನನ್ನ ಹೆಸರು ಬರೆದುಕೊಳ್ಳದವರು ಪಕ್ಕದ ಗುಡಿಸಲಿನವರ ಹೆಸರನ್ನೂ ಬರೆದುಕೊಂಡಿರುವುದಿಲ್ಲ ಅಲ್ವಾ?

5. ಒಳಗೆ ಕೂತು ನೋಡುವ ಹತ್ತು ನಿಮಿಷ

ಇಡೀ ಪ್ರವಾಸ ನಿಂತಿರುವುದು ಈ ಹತ್ತು ನಿಮಿಷದ ಮೇಲೆ. ಚೀಲ ಹೊರಗೇ ಇಡಿ. ಒಳಗೆ ಇಟ್ಟರೆ ಮನಸ್ಸು ಅಲ್ಲೇ ಕೂತುಬಿಡುತ್ತದೆ.

ಒಳಗೆ ಹೋಗುವ ಮುಂಚೆ ತಲೆ ಎತ್ತಿ ನೋಡಿ. ಮೇಲೆ ತೆಂಗಿನ ಮರ ಇದೆಯಾ, ಅದರಲ್ಲಿ ಬಲಿತ ಕಾಯಿ ಇದೆಯಾ? ಇದ್ದರೆ ಇತ್ತೀಚೆಗೆ ಕೊಯ್ದಿದ್ದಾರಾ ಎಂದು ಕೇಳಿ. ಮಡಲಿನ ಮಾಡು ಬೀಳುವ ತೆಂಗಿನಕಾಯಿಯನ್ನು ತಡೆಯುವುದಿಲ್ಲ. ಒಣಗಿದ ಗರಿ ನೇತಾಡುತ್ತಿದ್ದರೆ ಅದೂ ಅಷ್ಟೇ ಅಪಾಯ.

ಈಗ ನೆಲ. ಚಿರೆಕಲ್ಲಿನ ಜಗಲಿ ಕಟ್ಟಿ ಅದರ ಮೇಲೆ ಎಬ್ಬಿಸಿದ ಗುಡಿಸಲು ಮರಳಿನ ಮೇಲೇ ಕೂತ ಗುಡಿಸಲಿಗಿಂತ ಎಷ್ಟೋ ಮೇಲು. ಒಂದು ಗೇಣು ಎತ್ತರ ಇದ್ದರೂ ಏಡಿ, ಇರುವೆ, ಮಳೆನೀರು ಹೊರಗೇ ಉಳಿಯುತ್ತವೆ. ಗೋಡೆಯ ಬುಡ ನೋಡಿ. ತಟ್ಟಿ ಬುಡದಲ್ಲಿ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುವಂತಿದ್ದರೆ ಅಲ್ಲಿವರೆಗೆ ನೀರು ಬಂದಿದೆ ಅಂತ ಅರ್ಥ.

ಬಾಗಿಲು ಹಾಕಿ. ಹಾಸಿಗೆ ಮೇಲೆ ಅಂಗಾತ ಮಲಗಿ. ಮಾಡಿನಲ್ಲಿ ಬೆಳಕಿನ ಚುಕ್ಕಿಗಳು ಎಷ್ಟು ಕಾಣುತ್ತವೆ? ಹೊಸ ಮಡಲು ಹಸಿರು ಬೆರೆತ ಹಳದಿ ಬಣ್ಣಕ್ಕಿರುತ್ತದೆ, ಒಣ ಹುಲ್ಲಿನ ವಾಸನೆ ಬರುತ್ತದೆ, ಸಾಲುಗಳು ಒಂದರ ಮೇಲೊಂದು ದಟ್ಟವಾಗಿ ಕೂತಿರುತ್ತವೆ. ಹಳೆಯದು ಬೂದು ಬಣ್ಣ, ಎಳೆಗಳು ಸಡಿಲ, ಗಾಳಿ ಬಂದಾಗ ಮುಖದ ಮೇಲೆ ಪುಡಿ ಉದುರುತ್ತದೆ. ಒಂದೆರಡು ಚುಕ್ಕಿ ಇದ್ದರೆ ಚಿಂತೆ ಬೇಡ. ನಕ್ಷತ್ರ ಹರಡಿದ ಹಾಗೆ ಕಂಡರೆ ಎದ್ದು ಬನ್ನಿ. ಮಾಡಿನ ಮೂಲೆಯಲ್ಲಿ ಹುಲ್ಲು ಕಚ್ಚಿ ಗುಡ್ಡೆ ಮಾಡಿದ್ದು ಕಂಡರೆ ಇಲಿ ಇದೆ. ಇಲಿ ಇದ್ದ ಕಡೆ ಹಾವು ಹುಡುಕಿಕೊಂಡು ಬರುತ್ತದೆ. ಅದು ಹೆಚ್ಚಾಗಿ ಕೇರೆ ಹಾವು, ವಿಷ ಇಲ್ಲ. ಆದರೂ ರಾತ್ರಿ ತಲೆ ಮೇಲೆ ಯಾರಿಗೂ ಬೇಡ.

ಸೊಳ್ಳೆ ಪರದೆ ಬಿಡಿಸಿ, ಬೆಳಕಿಗೆ ಹಿಡಿದು ತೂತು ನೋಡಿ. ಅಂಚು ಹಾಸಿಗೆಯ ಕೆಳಗೆ ಮಡಚಿ ತುರುಕುವಷ್ಟು ಉದ್ದ ಇರಬೇಕು. ಗಿಡ್ಡ ಪರದೆ ಇದ್ದೂ ಒಂದೇ, ಇಲ್ಲದೆಯೂ ಒಂದೇ.

ಗಾಳಿಯ ಲೆಕ್ಕ ಬಹಳ ಜನಕ್ಕೆ ಹೊಳೆಯುವುದಿಲ್ಲ. ಚಳಿಗಾಲದಲ್ಲಿ ಇಲ್ಲಿ ಹಗಲು ಕಡಲಿನಿಂದ ದಂಡೆಗೆ ಗಾಳಿ, ರಾತ್ರಿಯಿಂದ ಬೆಳಗಿನವರೆಗೆ ಗುಡ್ಡದ ಕಡೆಯಿಂದ ಕಡಲಿಗೆ. ನೆಲ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಕಡಲು ನಿಧಾನ. ಅದರಿಂದಲೇ ಈ ತಿರುವು. ಕಡಲಿಗೆ ಮುಖ ಮಾಡಿದ ಬಾಗಿಲೊಂದೇ ಇದ್ದು ಹಿಂದೆ ಕಿಟಕಿ ಇಲ್ಲದ ಗುಡಿಸಲು ಸಂಜೆ ಸ್ವರ್ಗದ ಹಾಗಿರುತ್ತದೆ, ರಾತ್ರಿ ಒಲೆಯ ಹಾಗೆ. ಹಿಂಬದಿಯ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಇದ್ದರೂ ಸಾಕು.

ನಲ್ಲಿ ತಿರುಗಿಸಿ, ಒಂದು ಹನಿ ನಾಲಿಗೆಗೆ ಮುಟ್ಟಿಸಿ. ಕೆಲವು ಬಾವಿಗಳ ನೀರು ಬೇಸಿಗೆ ಹತ್ತಿರ ಬಂದ ಹಾಗೆ ಉಪ್ಪಾಗುತ್ತದೆ, ಸೋಪು ನೊರೆ ಬರುವುದಿಲ್ಲ. ಸ್ನಾನಕ್ಕೆ ನಡೆಯುತ್ತದೆ, ಕುಡಿಯಲು ಬೇರೆ ತರಬೇಕು. ಕೊನೆಗೆ ಎರಡು ನಿಮಿಷ ಕಣ್ಣು ಮುಚ್ಚಿ ಕಿವಿ ಕೊಡಿ. ಅಲೆಯ ಸದ್ದಿನ ಜೊತೆ ಇನ್ನೇನು ಕೇಳುತ್ತದೆ? ಪಂಪು, ಅಡುಗೆಮನೆ, ಸ್ಪೀಕರ್? ಹಗಲಲ್ಲಿ ಕೇಳಿದ್ದು ರಾತ್ರಿ ದುಪ್ಪಟ್ಟು ಕೇಳುತ್ತದೆ.

ಇಷ್ಟಾದ ಮೇಲೆ ಬಾಡಿಗೆ. ಚೌಕಾಸಿ ಮಾಡುವ ಬದಲು ದಿನ ಹೆಚ್ಚು ಹೇಳಿ. "ನಾಲ್ಕು ರಾತ್ರಿ ಇರ್ತೇನೆ, ಊಟ ತಿಂಡಿ ಇಲ್ಲೇ" ಅಂದರೆ ಅವರೇ ಇಳಿಸುತ್ತಾರೆ.

ಇಲ್ಲಿ ಒಂದು ಮಾತು. ಈ ಗುಡಿಸಲುಗಳು ಯಾಕೆ ಗಾರೆಯ ಮನೆಗಳಾಗಲಿಲ್ಲ? ಬಡತನವೊಂದೇ ಕಾರಣವಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಉಬ್ಬರದ ಗೆರೆಯ ಹತ್ತಿರ ಪಕ್ಕಾ ಕಟ್ಟಡ ಎಬ್ಬಿಸುವುದಕ್ಕೆ ಕಟ್ಟುಪಾಡುಗಳಿವೆ. ಬಿಚ್ಚಿಡಬಹುದಾದ್ದು ಮಾತ್ರ ಕಡಲಿನ ಪಕ್ಕ ಉಳಿದುಕೊಂಡಿದೆ. ನನಗೆ ಇದು ಒಳ್ಳೆಯದೇ ಅನ್ನಿಸುತ್ತದೆ. ಮಳೆಗಾಲದಲ್ಲಿ ಆ ಮರಳನ್ನು ಕಡಲಿಗೆ ಬಿಟ್ಟುಕೊಡಲೇಬೇಕು.

6. ಮೊದಲ ರಾತ್ರಿಯ ಕೆಲಸಗಳು

ಡಿಸೆಂಬರ್‌ನಲ್ಲಿ ಆರೂಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಅದಕ್ಕೆ ಮುಂಚೆಯೇ ಪರದೆ ಇಳಿಬಿಟ್ಟು, ಅಂಚು ತುರುಕಿ ಮುಗಿಸಿ. ಸೊಳ್ಳೆ ಒಳಗೆ ಸೇರಿದ ಮೇಲೆ ಪರದೆ ಕಟ್ಟಿ ಏನು ಪ್ರಯೋಜನ?

ಬೆಂಕಿಯ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಒಣ ಮಡಲಿಗೆ ಕಿಡಿ ತಾಗಿದರೆ ಬಾಗಿಲವರೆಗೆ ಬರಲು ಸಮಯ ಸಿಗುವುದಿಲ್ಲ. ಒಳಗೆ ಮೇಣದ ಬತ್ತಿ ಬೇಡ, ಸಿಗರೇಟು ಬೇಡ, ಅಡುಗೆ ಸ್ಟೌ ಬೇಡ. ಸೊಳ್ಳೆ ಬತ್ತಿ ಹಚ್ಚಲೇಬೇಕಾದರೆ ತಟ್ಟೆಯಲ್ಲಿ ಮರಳು ತುಂಬಿ, ಅದರ ಮೇಲಿಟ್ಟು, ಹೊರಗಿನ ಜಗಲಿಯಲ್ಲಿಡಿ. ಬಲ್ಬಿಗೆ ಬಟ್ಟೆ ಸುತ್ತಬೇಡಿ. ಮಲಗುವ ಮುಂಚೆ ಬಾಗಿಲಿನ ಚಿಲಕ ಕತ್ತಲಲ್ಲಿ ಕೈಗೆ ಸಿಗುತ್ತದಾ ಎಂದು ಒಮ್ಮೆ ತಡವಿ ನೋಡಿ.

ತಿಂಡಿ ಪೊಟ್ಟಣವನ್ನು ಚೀಲದಲ್ಲಿ ಬಿಡಬೇಡಿ. ರಾತ್ರಿ ಇಲಿ, ಬೆಳಿಗ್ಗೆ ಮಂಗ. ಮುಚ್ಚಳದ ಡಬ್ಬಿಗೆ ಹಾಕಿ. ಬೆಳಿಗ್ಗೆ ಚಪ್ಪಲಿ, ಶೂ ಕೊಡವಿಯೇ ಕಾಲಿಡಿ, ಚೇಳು ಸೇರಿರಬಹುದು.

ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರದೇ ಇರಬಹುದು. ಅಲೆಯ ಸದ್ದು ಅಷ್ಟು ಹತ್ತಿರ. ಎರಡನೇ ರಾತ್ರಿ ಅದೇ ಸದ್ದಿಗೆ ನಿದ್ದೆ ಬರುತ್ತದೆ. ಬೆಳಗಿನ ಜಾವ ತಟ್ಟಿಯ ಸಂದಿಗಳಿಂದ ಬೆಳಕು ಪರದೆಯ ಮೇಲೆ ಸಣ್ಣ ಸಣ್ಣ ಗೀರುಗಳಾಗಿ ಬೀಳುತ್ತದೆ. ಗಾಳಿಗೆ ಪರದೆ ಅಲುಗಿದಾಗ ಆ ಗೀರುಗಳೂ ಅಲುಗುತ್ತವೆ. ನಾನು ಅಲಾರಂ ಇಡುವುದೇ ಇಲ್ಲ.

7. ನೀರಿಗೆ ಇಳಿಯುವ ಮುನ್ನ

ಗೋಕರ್ಣದ ದಂಡೆಗಳಲ್ಲಿ ಪ್ರತಿ ವರ್ಷ ಜನ ನೀರುಪಾಲಾಗುತ್ತಾರೆ. ಅವರಲ್ಲಿ ಈಜು ಬಂದವರೂ ಇರುತ್ತಾರೆ. ಕೆರೆಯ ಈಜು, ಸ್ವಿಮ್ಮಿಂಗ್ ಪೂಲಿನ ಈಜು ಬೇರೆ, ಕಡಲು ಬೇರೆ. ಆದ್ದರಿಂದ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ.

ಕಡಲಿನಲ್ಲಿ ಭಯಪಡಬೇಕಾದ್ದು ದೊಡ್ಡ ಅಲೆಗಲ್ಲ, ಸೆಳೆತಕ್ಕೆ. ದಂಡೆಗೆ ಬಂದ ನೀರು ಎಲ್ಲಾದರೂ ಒಂದು ಕಡೆಯಿಂದ ವಾಪಸ್ ಹೋಗಲೇಬೇಕು. ಅದು ಒಂದು ಇಕ್ಕಟ್ಟಾದ ಪಟ್ಟಿಯಲ್ಲಿ ಜೋರಾಗಿ ಹೋಗುತ್ತದೆ. ದೂರದಿಂದ ನೋಡಿದರೆ ಎರಡು ಕಡೆ ಬಿಳಿ ನೊರೆ, ನಡುವೆ ಅಲೆ ಒಡೆಯದ, ಸ್ವಲ್ಪ ಕಪ್ಪಾಗಿ ಕಾಣುವ ಶಾಂತ ಪಟ್ಟಿ. ಹೊಸಬರು ಅಲೆ ಇಲ್ಲ ಅಂತ ಅಲ್ಲೇ ಇಳಿಯುತ್ತಾರೆ. ಬಂಡೆಗಳ ಪಕ್ಕದಲ್ಲೂ ಸೆಳೆತ ಜಾಸ್ತಿ.

ಸಿಕ್ಕಿಕೊಂಡರೆ ದಂಡೆಯ ಕಡೆಗೆ ಹೋರಾಡಿ ಈಜಬೇಡಿ. ಸುಸ್ತಾಗುವುದೇ ಸಾವಿಗೆ ಕಾರಣ. ದಂಡೆಗೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಜಿ. ಪಟ್ಟಿ ದಾಟಿದ ಮೇಲೆ ಅಲೆಯೇ ನಿಮ್ಮನ್ನು ಒಳಗೆ ತಳ್ಳುತ್ತದೆ. ಈಜಲು ಆಗದಿದ್ದರೆ ಅಂಗಾತ ತೇಲಿ, ಒಂದು ಕೈ ಎತ್ತಿ ಬೀಸಿ. ಸೆಳೆತ ಮನುಷ್ಯನನ್ನು ಆಚೆಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ಬೇರೆಯವರು ಸಿಕ್ಕಿಕೊಂಡಿದ್ದು ಕಂಡರೆ ನೀವು ಹಾರಬೇಡಿ. ತೇಲುವ ವಸ್ತು ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿ.

ಒಮ್ಮೆ ಬೆಳಿಗ್ಗೆ ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟಾಗ ಗುಡಿಸಲಿನ ಅಕ್ಕ ಅಂಗಳ ಗುಡಿಸುತ್ತಿದ್ದವರು ತಲೆ ಎತ್ತಿ ಒಮ್ಮೆ ಕಡಲು ನೋಡಿದರು. "ಇವತ್ತು ಬೇಡ ತಮಾ, ನಾಳೆ ಇಳಿ" ಅಂದರು. ನನ್ನ ಕಣ್ಣಿಗೆ ನೀರು ನಿನ್ನೆಯ ಹಾಗೇ ಇತ್ತು. ಅವರ ಕಣ್ಣಿಗೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೀವರಕ್ಷಕರು ಕೆಂಪು ಬಾವುಟ ನೆಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ನೀರಿಗಿಳಿಯುವ ಮುಂಚೆ ಅಲ್ಲಿನವರನ್ನು ಕೇಳುವುದು ನನ್ನ ಅಭ್ಯಾಸ. ನೀವೂ ಕೇಳಿ.

ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಹತ್ತು ಗಂಟೆಗೆ ತುಂಬಿದ ಕಡಲು ನಾಳೆ ಹನ್ನೊಂದರ ಹತ್ತಿರ ತುಂಬುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಎಲ್ಲಕ್ಕಿಂತ ಮೇಲೆ ಬರುತ್ತದೆ. ಆ ದಿನಗಳಲ್ಲಿ ಚಪ್ಪಲಿ, ಬಟ್ಟೆ ಮರಳಿನ ಮೇಲೆ ಬಿಟ್ಟು ಹೋಗಬೇಡಿ. ದಂಡೆಯಿಂದ ದಂಡೆಗೆ ನಡೆಯುವಾಗ ಗುಡ್ಡದ ಕಾಲುದಾರಿಯನ್ನೇ ಹಿಡಿಯಿರಿ. ಬಂಡೆಗಳ ಮೇಲೆ ಹಾಯ್ದು ಹೋಗುವ ಅಡ್ಡದಾರಿ ಬೇಡ. ಪಾಚಿ ಹಿಡಿದ ಬಂಡೆ ಒಣಗಿದ ಹಾಗೆ ಕಂಡರೂ ಜಾರುತ್ತದೆ.

ಲೋಳೆ ಮೀನು (ಜೆಲ್ಲಿಫಿಶ್) ತಾಗಿ ಉರಿ ಬಂದರೆ ಉಜ್ಜಬೇಡಿ, ನಲ್ಲಿ ನೀರು ಹಾಕಬೇಡಿ. ಕಡಲ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ತೆಗೆದು, ಆಮೇಲೆ ಚರ್ಮ ಸುಡದಷ್ಟು ಬಿಸಿ ನೀರಿನಲ್ಲಿ ಆ ಭಾಗವನ್ನು ಇಪ್ಪತ್ತು ನಿಮಿಷ ಇಡಿ. ಉಸಿರಾಟಕ್ಕೆ ತೊಂದರೆ ಆದರೆ ಕಾಯಬೇಡಿ, 108. ತಾಲ್ಲೂಕು ಆಸ್ಪತ್ರೆ ಇರುವುದು ಕುಮಟಾದಲ್ಲಿ.

ಚಳಿಗಾಲದ ರಾತ್ರಿಗಳಲ್ಲಿ ಈ ಕರಾವಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಳಿನ ಮೇಲೆ ಅಗಲವಾದ, ಎರಡೂ ಬದಿಗೆ ಕಾಲು ಬಡಿದ ಗುರುತು ಕಂಡರೆ ಟಾರ್ಚ್ ಆರಿಸಿ, ದೂರ ನಿಲ್ಲಿ, ಬೆಳಿಗ್ಗೆ ಗುಡಿಸಲಿನವರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿ. ಗೂಡನ್ನು ಬೇಲಿ ಕಟ್ಟಿ ಕಾಯುವ ಕೆಲಸ ಅವರು ಮಾಡುತ್ತಾರೆ.

8. ಊಟ

ದಂಡೆಯ ಮೆನು ಕಾರ್ಡಿನಲ್ಲಿ ಪಾಸ್ತಾ, ಪ್ಯಾನ್‌ಕೇಕ್ ಎಲ್ಲ ಇರುತ್ತದೆ. ಅದನ್ನು ಪಕ್ಕಕ್ಕಿಟ್ಟು, "ಮನೆಗೆ ಇವತ್ತು ಏನು ಅಡುಗೆ?" ಎಂದು ಕೇಳಿ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು ಅಥವಾ ತಾರ್ಲೆ ಹುರಿದದ್ದು, ಉಪ್ಪಿನಕಾಯಿ. ಮೀನು ತಿನ್ನದವರಿಗೆ ತಂಬುಳಿ, ಮುರುಗಲು ಸಾರು. ಬೆಳಿಗ್ಗೆ ಬನ್ಸ್ ಸಿಕ್ಕರೆ ಬಿಡಬೇಡಿ. ಹಿಂದಿನ ದಿನವೇ ಹೇಳಿದರೆ ಮಾಡಿಕೊಡುತ್ತಾರೆ, ಹೊತ್ತಿಗೆ ಸರಿಯಾಗಿ ಬರಬೇಕು ಅಷ್ಟೇ.

ಊರಿಗೆ ಹೋದ ದಿನ ರಥಬೀದಿ ಕಡೆ ಒಂದು ಸುತ್ತು ಹಾಕಿ. ಇಲ್ಲಿನ ಹಾಲಕ್ಕಿ ಸಮುದಾಯದ ಅಜ್ಜಿಯರು ಕೊರಳ ತುಂಬ ಕರಿಮಣಿ ಸರ ಹಾಕಿಕೊಂಡು ಬುಟ್ಟಿಯಲ್ಲಿ ಸೊಪ್ಪು, ತರಕಾರಿ ಇಟ್ಟುಕೊಂಡು ಕೂತಿರುತ್ತಾರೆ. ಅವರ ಹತ್ತಿರ ಎರಡು ದಿನಕ್ಕಾಗುವಷ್ಟು ಬಾಳೆಹಣ್ಣು ಕೊಳ್ಳಿ. ಫೋಟೊ ತೆಗೆಯಬೇಕೆನಿಸಿದರೆ ಮೊದಲು ಕೇಳಿ. ಊರಿನೊಳಗೆ ಈಜುಡುಗೆಯಲ್ಲಿ ಓಡಾಡಬೇಡಿ. ಅದು ದೇವರ ಊರು, ಜನ ಪಿಂಡ ಹಾಕಲು ಬರುವ ಜಾಗ. ಗಾಂಜಾ ಬೇಕಾ ಎಂದು ದಂಡೆಯಲ್ಲಿ ಯಾರಾದರೂ ಕೇಳಿದರೆ ನಿಲ್ಲದೆ ಮುಂದೆ ಹೋಗಿ, ಸಿಕ್ಕಿಬಿದ್ದರೆ ಜೈಲು.

9. ಹೊರಡುವ ದಿನ

ಬೆಳಿಗ್ಗೆಯೇ ಲೆಕ್ಕ ಮುಗಿಸಿ. ಊಟ, ಚಹಾದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿರುತ್ತಾರೆ. ದಿನಾ ನೀವೂ ಒಂದು ಕಡೆ ಬರೆದುಕೊಂಡಿದ್ದರೆ ಇಬ್ಬರಿಗೂ ಸುಲಭ. ಪ್ಲಾಸ್ಟಿಕ್ ಬಾಟಲಿ, ಪೊಟ್ಟಣಗಳನ್ನು ಚೀಲದಲ್ಲಿ ಹಾಕಿಕೊಂಡು ಮೇಲಿನ ರಸ್ತೆವರೆಗೆ ಹೊತ್ತು ತನ್ನಿ. ಹಾಫ್ ಮೂನಿನಂಥ ಕಡೆ ಕಸದ ಗಾಡಿ ಇಳಿಯುವುದಿಲ್ಲ. ಅಲ್ಲಿ ಬಿಟ್ಟದ್ದು ಮಳೆಗಾಲಕ್ಕೆ ಕಡಲಿಗೇ ಹೋಗುತ್ತದೆ.

ಸಮಯ ಇದ್ದರೆ ವಾಪಸ್ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿ. ಅಘನಾಶಿನಿಯ ಹಿನ್ನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ಮಾಡುತ್ತಾರೆ. ಬೇಸಿಗೆ ಹತ್ತಿರವಾದ ಮೇಲೆ ಬಿಳಿ ಗುಡ್ಡೆಗಳು ಸಾಲಾಗಿ ನಿಂತಿರುತ್ತವೆ. ಒಂದು ಚೀಲ ಹರಳುಪ್ಪು ತನ್ನಿ, ಮಾವಿನ ಮಿಡಿ ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಫೆಬ್ರವರಿ, ಮಾರ್ಚ್ ದಾಟಿದ್ದರೆ ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಸಿಗುತ್ತದೆ. ಒಂದು ಜಡೆ ತಂದು ಅಡುಗೆಮನೆಯಲ್ಲಿ ಗಾಳಿಯಾಡುವ ಕಡೆ ನೇತುಹಾಕಿ, ತಿಂಗಳುಗಟ್ಟಲೆ ಕೆಡುವುದಿಲ್ಲ.

ಗುಡಿಸಲಿನ ನಂಬರ್ ಬರೆದುಕೊಳ್ಳುವುದರಿಂದ ಉಪಯೋಗ ಇಲ್ಲ. ಮಳೆಗಾಲ ಕಳೆದು ಮತ್ತೆ ಕಟ್ಟುವಾಗ ಗುಡಿಸಲು ನಾಲ್ಕು ಮಾರು ಆಚೆ ಹೋಗಿರಬಹುದು, ಬಾಗಿಲು ಬೇರೆ ದಿಕ್ಕಿಗೆ ತಿರುಗಿರಬಹುದು. ನಡೆಸುವವರ ಫೋನ್ ನಂಬರ್ ಬರೆದುಕೊಳ್ಳಿ. ಅಕ್ಟೋಬರ್ ಕೊನೆಗೆ ಒಂದು ಫೋನ್ ಮಾಡಿ, "ಮಡಲು ಹೊದಿಸಿ ಆಯ್ತಾ ಅಕ್ಕ?" ಎಂದು ಕೇಳಿ. ಆಗಿದೆ ಅಂದ ಮೇಲೆ ಟಿಕೆಟ್ ತೆಗೆಸಿ.